ಮಾಫಿ ಕೇಳದೆ ಹೋದ ಹಜ್

ಹಜ್‌ಗೆ ಹೊರಟವರು ಮನೆಮನೆಗೆ ಹೋಗಿ ಮಾಫಿ ಕೇಳಬೇಕು. ನಮ್ಮಲ್ಲಿ ಇದು ಹಿಂದಿನಿಂದ ನಡೆದುಬಂದದ್ದು. "ಕಹಾ ಸುನಾ ಮಾಫ್" ಎನ್ನಬೇಕು, ಎಂದರೆ ನಾನು ಆಡಿದ್ದು, ನೀವು ಕೇಳಿದ್ದು ಎಲ್ಲ ಮನ್ನಿಸಿ ಎಂದು. ಎದುರಿನವರು ಮಾಫ್ ಮಾಡಿದೆ ಎನ್ನುತ್ತಾರೆ, ನಮಗೂ ದುವಾ ಮಾಡಿ ಎನ್ನುತ್ತಾರೆ, ಚಹಾ ಕೊಡುತ್ತಾರೆ. ಹಡಗಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ತಿರುಗಿ ಬರುವ ಖಾತ್ರಿ ಇರಲಿಲ್ಲವಲ್ಲ, ಆಗ ಹುಟ್ಟಿಕೊಂಡ ಪದ್ಧತಿ ಇರಬೇಕು. ಈಗ ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಒಂದು ನಿದ್ದೆ ತೆಗೆಯುವುದರೊಳಗೆ ಅರಬ್ ನಾಡು. ಆದರೂ ಆ ಪದ್ಧತಿ ಒಳ್ಳೆಯದೇ ಎಂದು ನಾನು ನಂಬಿದ್ದೇನೆ. ಊರೆಲ್ಲ ತಿರುಗಿ ನಾನೂ ಕೇಳಿದೆ, ಒಬ್ಬರನ್ನು ಬಿಟ್ಟು. ಆ ಒಬ್ಬರ ದೆಸೆಯಿಂದ ನಮ್ಮ ನಾಲ್ವರ ಹಜ್ಜೇ ನಿಂತುಹೋಗುವುದರಲ್ಲಿತ್ತು.

ನಾನು ಸಾಗರದ ಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ಅಣ್ಣನ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಈಗ ಕೆಲವು ವರ್ಷಗಳಿಂದ ನಲವತ್ತೈದು ದಾಟಿದ ಹೆಂಗಸರು ಮೆಹರಂ ಇಲ್ಲದೆಯೂ ಗುಂಪಾಗಿ ಹಜ್‌ಗೆ ಹೋಗಬಹುದು. ಮೆಹರಂ ಎಂದರೆ ಗಂಡ, ಅಪ್ಪ, ಅಣ್ಣತಮ್ಮ, ಮಗ, ಹೀಗೆ ಜೊತೆಗೆ ಬರಬಹುದಾದ ಗಂಡಸು. ಅಪ್ಪ ಇಲ್ಲ, ಮಗ ಇಲ್ಲ, ಅಣ್ಣ ತನ್ನ ಹೆಂಡತಿಯನ್ನು ಕರೆದುಕೊಂಡು ಮೊದಲೇ ಹೋಗಿಬಂದಿದ್ದ. ಹೊಸ ನಿಯಮದ ಸುದ್ದಿ ಕಿವಿಗೆ ಬಿದ್ದ ದಿನ ನಾನು ಒಂದು ರವಿಕೆಯ ತೋಳನ್ನು ತಿರುಗುಮುರುಗಾಗಿ ಹೊಲಿದಿಟ್ಟೆ.

ನಾವು ಅರ್ಜಿ ಹಾಕಿದ ವರ್ಷ ಗುಂಪಿಗೆ ಕಡಿಮೆಯೆಂದರೂ ನಾಲ್ವರು ಬೇಕಿತ್ತು. ಹೊಸನಗರದಲ್ಲಿ ಅಂಗನವಾಡಿ ನಡೆಸಿ ನಿವೃತ್ತರಾದ ಟೀಚರ್ ಒಬ್ಬರು ಸಿಕ್ಕರು. ಅವರ ತಂಗಿಯೂ ಬಂದರು, ಮಾತು ಕಡಿಮೆ, ಅಕ್ಕ ಎಂದದ್ದಕ್ಕೆಲ್ಲ ಹೂಂ ಎನ್ನುವವರು. ನಾಲ್ಕನೆಯವರು ತೀರ್ಥಹಳ್ಳಿಯ ಅಕ್ಕ. ವಯಸ್ಸಿನಲ್ಲಿ ನಮಗೆಲ್ಲ ಹಿರಿಯರು, ಗಂಡ ತೀರಿಕೊಂಡ ಮೇಲೆ ಒಣಮೀನಿನ ವ್ಯಾಪಾರವನ್ನು ಒಬ್ಬರೇ ನಡೆಸಿದವರು. ಸಂತೆಯಲ್ಲಿ ಅವರ ಗಂಟಲು ಮೀನಿನ ವಾಸನೆಗಿಂತ ಮುಂದೆ ಹೋಗುತ್ತದೆ ಎಂದು ಟೀಚರ್ ಚೇಷ್ಟೆ ಮಾಡುತ್ತಿದ್ದರು. ಆದರೆ ದೀನಿನ, ಎಂದರೆ ಧರ್ಮದ, ವಿಷಯ ಬಂದರೆ ಮಾತ್ರ ಅಕ್ಕನಿಗೆ ಎಲ್ಲದಕ್ಕೂ ಭಯ. ಎಡಗಾಲು ಮೊದಲಿಟ್ಟರೆ ಏನಾಗುತ್ತದೋ, ದುವಾದಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೋ ಎಂದು ಶಿವಮೊಗ್ಗದ ತರಬೇತಿ ಶಿಬಿರದಲ್ಲಿ ಕೇಳಿ ಕೇಳಿ ಮೌಲವಿ ಸಾಹೇಬರಿಗೆ ಸಾಕು ಮಾಡಿದ್ದರು.

ನನ್ನ ಮನೆಯಲ್ಲಿ ಉರ್ದು, ಅಕ್ಕನ ಮನೆಯಲ್ಲಿ ಬ್ಯಾರಿ. ಹಾಗಾಗಿ ನಾವು ನಾಲ್ವರೂ ಮಾತಾಡುತ್ತಿದ್ದದ್ದು ಕನ್ನಡದಲ್ಲೇ. ಅಣ್ಣ ಬೈದದ್ದೆಲ್ಲ ಉರ್ದುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿರಬಹುದು.

ಮಾಫಿ ಕೇಳಲು ಹೊರಟವಳು ಮೊದಲು ಹೋದದ್ದು ತುಮರಿಗೆ, ಅಮ್ಮನ ಕಡೆಯ ಚಿಕ್ಕಮ್ಮನ ಮನೆಗೆ. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟುವ ಲಾಂಚ್ ಕಾಯುತ್ತ ನಿಂತಾಗ ಸಿಗಂದೂರಿಗೆ ಹೊರಟಿದ್ದ ಹೆಂಗಸೊಬ್ಬರು ಗುರುತು ಹಿಡಿದರು. ನನ್ನಲ್ಲೇ ರವಿಕೆ ಹೊಲಿಸುವವರು. "ಬೂಬಮ್ಮ, ಮೆಕ್ಕಾಕ್ಕೆ ಹೋಗ್ತೀರಂತೆ? ನಮ್ ಹೆಸರಲ್ಲೂ ಒಂದ್ ಕೈ ಮುಗ್ದು ಬನ್ನಿ" ಎಂದರು. ಅವರಲ್ಲಿಯೂ ಅಲ್ಲೇ ಮಾಫಿ ಕೇಳಿದೆ. "ಮಾಫಿ ಎಂತದು, ಹಬ್ಬಕ್ಕೆ ಕೊಡ್ತೀನಿ ಅಂದ ಬಟ್ಟೆ ಹಬ್ಬ ಕಳ್ದ್ ಮೇಲೆ ಕೊಟ್ಟಿದ್ದು ಮಾತ್ರ ಮರೆಯಲ್ಲ" ಎಂದು ನಕ್ಕರು. ಚಿಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಮಗನ ಮದುವೆಗೆ ನಾನು ತಡವಾಗಿ ಬಂದೆನೆಂದು ಹಳೇ ಸಿಟ್ಟಿತ್ತು, ಮಾಫ್ ಮಾಡುವುದಿಲ್ಲ ಎಂದು ಮುಖ ತಿರುಗಿಸಿ ಕೂತಳು. ಆಮೇಲೆ ತಾನೇ ಎದ್ದು ಕೋಳಿಸಾರು, ಕಡುಬು ಬಡಿಸಿ, ಹೊರಡುವಾಗ ತಬ್ಬಿಕೊಂಡು ಅತ್ತಳು. ಹೀಗೆ ಕೇಳುತ್ತ ಹೋದಂತೆ ಎದೆ ಹಗುರಾಗುತ್ತ ಬಂತು.

"ಎಲ್ಲ ಕಡೆ ಹೋಗಿ ಬಂದೆ. ಮುಖ್ಯವಾದ ಮನೆಯನ್ನೇ ಬಿಟ್ಟೆಯಲ್ಲ" ಎಂದ ಅಣ್ಣ.

ಯಾವ ಮನೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ನನ್ನನ್ನು ಬಿಟ್ಟ ಗಂಡ ಅದೇ ಸಾಗರದಲ್ಲಿ, ನಾಲ್ಕು ಬೀದಿ ಆಚೆಗೆ ಇದ್ದಾನೆ. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ನನಗೆ ತಲಾಖ್ ಹೇಳಿದ. ನನ್ನ ಮುಖ ನೋಡಿ ಹೇಳಲಿಲ್ಲ. ಅಣ್ಣನ ಅಂಗಡಿಗೆ ಫೋನ್ ಮಾಡಿ ಹೇಳಿದ. ಒಲೆಯ ಮೇಲೆ ಹಾಲಿಟ್ಟಿದ್ದೆ, ಅಣ್ಣ ಬಾಗಿಲಲ್ಲಿ ಬಂದು ನಿಂತು, ಬಟ್ಟೆ ತಗೋ, ಹೋಗೋಣ ಎಂದ. ಕಾರಣ ಏನೆಂದರೆ ನಾನು ಎದುರು ಮಾತಾಡುತ್ತೇನೆ. ಮಾತಾಡುತ್ತಿದ್ದೆ, ಸುಳ್ಳಲ್ಲ. ಇನ್ನೊಂದು ಮದುವೆಯ ಮಾತುಕತೆ ನಡೆಸಿ ಬಂದವನಿಗೆ ಹೆಂಡತಿ ಶರಬತ್ತು ಮಾಡಿ ಕೊಡುತ್ತಾಳೆಯೇ?

ಅಣ್ಣ ಕೆಟ್ಟವನಲ್ಲ. ಆವತ್ತು ನನ್ನನ್ನು ಕರೆದುಕೊಂಡು ಬಂದವನು ಅವನೇ, ಹೊಲಿಗೆ ಮಿಷನ್ ತಂದುಕೊಟ್ಟವನೂ ಅವನೇ, ಮಗಳ ಮದುವೆ ಮುಂದೆ ನಿಂತು ಮಾಡಿದವನೂ ಅವನೇ. ಆದರೆ ಜಮಾತಿನಲ್ಲಿ ನಾಲ್ಕು ಜನರ ನಡುವೆ ಕೂರುವ ಮನುಷ್ಯ, ನಾಲ್ಕು ಜನ ಏನೆಂದಾರು ಎಂಬುದೇ ಅವನಿಗೆ ದೊಡ್ಡದು.

"ಅವರು ಒಂದು ಕಾಲಕ್ಕೆ ನಿನ್ನ ಗಂಡ. ಗಂಡನ ಮನಸ್ಸು ನೋಯಿಸಿದ ಹೆಂಗಸಿನ ಹಜ್ ಅಲ್ಲಾಹನಿಗೆ ಕಬೂಲ್ ಆಗುತ್ತದೆಯೇ? ಹೋಗಿ ಒಂದು ಮಾತು ಕೇಳಿ ಬಾ."

"ತಪ್ಪು ಮಾಡಿದವರು ಮಾಫಿ ಕೇಳೋದು ಭಾಯಿ. ನಾನೇನು ಮಾಡಿದ್ದೀನಿ ಹೇಳು, ಈಗಲೇ ಹೋಗ್ತೀನಿ."

ಅಣ್ಣ ಟೋಪಿ ಹಾಕಿಕೊಂಡು ಎದ್ದು ಹೋದ. ನಾನು ಗೆದ್ದೆ ಎಂದುಕೊಂಡು ಮಿಷನ್ ಮುಂದೆ ಕೂತೆ. ಅಣ್ಣನನ್ನು ಅಷ್ಟು ಸುಲಭಕ್ಕೆ ಗೆಲ್ಲಬಹುದು ಎಂದುಕೊಂಡದ್ದು ನನ್ನ ದಡ್ಡತನ.

ಹೊರಡುವ ವಾರ ಅಣ್ಣ ದಾವತ್ ಇಟ್ಟುಕೊಂಡ. ಹಜ್‌ಗೆ ಹೊರಟವರಿಗೆ ಹಾರ ಹಾಕಿ, ದುವಾ ಮಾಡಿ, ಊಟ ಹಾಕಿ ಕಳಿಸುವುದು ವಾಡಿಕೆ. ಅಂಗಳದಲ್ಲಿ ಶಾಮಿಯಾನ, ಅಲ್ಲಿ ಗಂಡಸರು, ಒಳಗೆ ಹೆಂಗಸರು, ನಡುವಿನ ಬಾಗಿಲಿಗೆ ಪರದೆ. ಹೊಸನಗರದ ಅಕ್ಕತಂಗಿ, ತೀರ್ಥಹಳ್ಳಿಯ ಅಕ್ಕ, ಮೂವರೂ ಬಂದಿದ್ದರು. ನನ್ನ ಕೊರಳಲ್ಲಿ ಮಲ್ಲಿಗೆ ಗುಲಾಬಿ ಸೇರಿಸಿ ಕಟ್ಟಿದ ಹಾರವಿತ್ತು. ಅಷ್ಟರಲ್ಲಿ ಅಣ್ಣ ಹೊರಗಿನಿಂದ ನನ್ನನ್ನು ಬಾಗಿಲಿಗೆ ಕರೆದ. ಪರದೆಯ ಸಂದಿಯಲ್ಲಿ ನೋಡಿದರೆ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಳಿ ಜುಬ್ಬಾ ಹಾಕಿಕೊಂಡು, ಗಡ್ಡಕ್ಕೆ ಮೆಹಂದಿ ಹಚ್ಚಿಕೊಂಡು ಅವನೇ ಕೂತಿದ್ದ. ಎಷ್ಟೋ ವರ್ಷಗಳ ಮೇಲೆ ಅಷ್ಟು ಹತ್ತಿರದಿಂದ ನೋಡಿದ್ದು.

"ನನ್ನ ತಂಗಿ ಹೊರಟಿದ್ದಾಳೆ" ಎಂದ ಅಣ್ಣ, ಎಲ್ಲರಿಗೂ ಕೇಳುವಂತೆ. "ಒಂದು ಮಾತು ಬಾಕಿ ಇದೆ, ಅವಳಿಗೂ ಗೊತ್ತು. ಇವರೂ ದೊಡ್ಡ ಮನಸ್ಸು ಮಾಡಿ ಇಲ್ಲಿಯವರೆಗೆ ಬಂದಿದ್ದಾರೆ."

ಬಕ್ರೀದಿನ ಕುರಿಗೆ ಹಾರ ಹಾಕಿ ನಿಲ್ಲಿಸಿದ ಹಾಗೆ ನಿಂತಿದ್ದೆ. ಮೈಯೆಲ್ಲ ಉರಿಯಿತು. ದೊಡ್ಡ ಮನಸ್ಸಂತೆ! ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಪರದೆಯ ಈಚೆಯಿಂದಲೇ, ಆದರೆ ಅಂಗಳದ ಕೊನೆಯವರಿಗೂ ಕೇಳುವಂತೆ ಹೇಳಿದೆ.

"ನಾನು ಯಾರಿಗೆ ನೋವು ಮಾಡಿದ್ದೀನೋ ಅವರೆಲ್ಲರ ಮನೆಗೆ ಹೋಗಿ ಕೇಳಿ ಬಂದಿದ್ದೀನಿ. ಯಾರ ಮನೆಯಾದರೂ ಬಿಟ್ಟುಹೋಗಿದ್ದರೆ, ಇಂಥ ದಿನ ಇಂಥ ತಪ್ಪು ಮಾಡಿದೆ ಅಂತ ಎಲ್ಲರ ಎದುರಿಗೆ ಹೇಳಿ, ಕಾಲು ಹಿಡಿದು ಕೇಳ್ತೀನಿ. ಇನ್ನು ಇಲ್ಲಿ ಬಂದು ಕೂತವರಿಗೆ ನನ್ನ ಹತ್ರ ಮಾಫಿ ಕೇಳೋದಿದ್ದರೆ ಕೇಳಬಹುದು. ನಾನು ಇಲ್ಲೇ ನಿಂತಿದ್ದೀನಿ."

ಅವನು ಮೊಬೈಲ್ ತೆಗೆದು ನೋಡತೊಡಗಿದ. ಕೊನೆಗೆ ಹಿತ್ತಲಿನಿಂದ ಅಡುಗೆಯವನು ಬಂದು "ದಮ್ ಬಿಚ್ಚಲಾ ಸಾಬ್?" ಎಂದು ಕೇಳಿದ. ಬಿಚ್ಚು ಎಂದ ಅಣ್ಣ. ಜನ ಬಿರಿಯಾನಿ ಉಂಡು ಹೋದರು.

ಹೊರಗಿನವರ ಸಿಟ್ಟು ನನಗೆ ತಾಗಲಿಲ್ಲ. ಒಳಗೆ ನಡೆದದ್ದು ತಾಗಿತು. ತೀರ್ಥಹಳ್ಳಿಯ ಅಕ್ಕ ಊಟ ಮಾಡದೆ ಮೂಲೆಯಲ್ಲಿ ತಸ್ಬಿ ಮಣಿ ಹಿಡಿದು ಕೂತಿದ್ದರು. "ನಾನು ಬರಲ್ಲ ಮಾರಾಯ್ತಿ" ಎಂದರು. "ನಂಗೆ ಹೆದ್ರಿಕೆ ಆಗ್ತದೆ. ಜೀವನದಲ್ಲಿ ಒಂದೇ ಸಲ ಹೋಗೋದು ನಾನು. ನಿನ್ ಜೊತೆ ಬಂದು ನಂದೂ ಕಬೂಲ್ ಆಗ್ದಿದ್ರೆ?" ಟೀಚರಿಗೆ ಸಿಟ್ಟು ಬಂದದ್ದು ನನ್ನ ಮೇಲೆ. "ಒಂದ್ ಮಾತು ಅಂದು ಮುಗ್ಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಈಗ ಒಬ್ರು ಬಿಟ್ರೆ ನಮ್ಮೆಲ್ಲರ ಗತಿ ಎಂತ?" ಎಂದರು. ತಂಗಿ ಹೂಂ ಎಂದರು. ಒಬ್ಬರು ಹಿಂದೆ ಸರಿದರೆ ಉಳಿದ ಮೂವರನ್ನು ಕಳಿಸುತ್ತಾರೋ ಇಲ್ಲವೋ ನಮಗ್ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮಾರನೆಯ ದಿನ ಬುರ್ಖಾ ಹಾಕಿಕೊಂಡು ಅವನ ಬೀದಿಗೆ ಹೋದೆ. ಸುಳ್ಳು ಏಕೆ ಹೇಳಲಿ, ಕೇಳಿಬಿಡೋಣ ಎಂದೇ ಹೋದದ್ದು. ಮೂರು ಜನರ ಹಜ್ ನನ್ನ ನಾಲಿಗೆಯ ತುದಿಯಲ್ಲಿತ್ತು. ಬೀದಿಯ ತಿರುವಿನ ಕಿರಾಣಿ ಅಂಗಡಿಯ ಹತ್ತಿರ ನಿಂತು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಮಾಫ್ ಮಾಡಿ ಎನ್ನಬೇಕು. ಯಾತಕ್ಕೆ ಎಂದರೆ ಏನು ಹೇಳಬೇಕು? ಎದುರು ಮಾತಾಡಿದ್ದಕ್ಕೆ? ಕೂಸನ್ನು ಒಬ್ಬಳೇ ಸಾಕಿದ್ದಕ್ಕೆ? ಮಾಡದ ತಪ್ಪನ್ನು ಮಾಡಿದೆ ಎಂದು ಒಪ್ಪಿಕೊಂಡು ಅಲ್ಲಾಹನ ಮನೆಗೆ ಹೋದರೆ, ಸುಳ್ಳು ಹೇಳಿಯೇ ಒಳಗೆ ಹೊಕ್ಕಂತೆ. ಅಂಗಡಿಯವನು ಏನು ಬೇಕು ಎಂದು ಕೇಳಿದ. ಏನೂ ಬೇಡ ಎಂದು ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ಬಂದು ತೀರ್ಥಹಳ್ಳಿಯ ಖಾಸಗಿ ಬಸ್ಸು ಹತ್ತಿದೆ.

ಅಕ್ಕ ಬಚ್ಚಲ ಕಲ್ಲಿನ ಹತ್ತಿರ ಕೂತು ಬಂಗಡೆ ಸ್ವಚ್ಛ ಮಾಡುತ್ತಿದ್ದರು. ನನ್ನನ್ನು ನೋಡಿಯೂ ಏಳಲಿಲ್ಲ.

"ಅಕ್ಕ, ನೀವು ಬರ್ಬೇಕು. ಆದ್ರೆ ನಾನು ಅವ್ರ ಹತ್ರ ಕೇಳಲ್ಲ. ಎರಡೂ ಹೇಳಾಕೇ ಬಂದಿದ್ದು."

ಅವರು ಒಂದು ಮೀನಿನ ಹೊಟ್ಟೆ ಸೀಳಿ ತೊಳೆದರು. ಇನ್ನೊಂದು ತೆಗೆದುಕೊಂಡರು. "ಕೂಸು ಇದ್ದಾಗ್ಲಾ ಬಿಟ್ಟಿದ್ದು?" ಎಂದು ಕೇಳಿದರು.

"ಅಂಬೆಗಾಲಿಡ್ತಿತ್ತು."

"ಫೋನಲ್ಲಾ?"

"ನನ್ ಫೋನಿಗೂ ಅಲ್ಲ. ಅಣ್ಣನ ಅಂಗ್ಡಿಗೆ."

ಉಳಿದ ಮೀನನ್ನೂ ತೊಳೆದಿಟ್ಟರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು. "ನಮ್ಮೋರು ಇದ್ದಾಗ ನಾನು ದಿನಾ ಮಾಫಿ ಕೇಳ್ತಿದ್ದೆ ಮಾರಾಯ್ತಿ. ಸಾರಿಗೆ ಹುಳಿ ಜಾಸ್ತಿ ಆದ್ರೂ ಕೇಳೋದು, ಅವ್ರಿಗೆ ಬಸ್ ತಪ್ಪಿದ್ರೂ ನಾನೇ ಕೇಳೋದು. ಈಗ ಕೂತು ಯೋಚ್ನೆ ಮಾಡಿದ್ರೆ ಎಂತಕ್ಕೆ ಕೇಳ್ತಿದ್ದೆ ಅಂತ ನಂಗೇ ಗೊತ್ತಿಲ್ಲ." ಕೈ ತೊಳೆದುಕೊಂಡು ಎದ್ದರು. "ಊಟ ಮಾಡ್ಕೊಂಡು ಹೋಗು. ಪೆಟ್ಟಿಗೆ ಕಟ್ಟಕ್ಕೆ ಒಳ್ಳೆ ಹಗ್ಗ ಸಾಗರದಲ್ಲಿ ಸಿಗ್ತದಾ?"

ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಗೆ ಮುಖ ಕೊಟ್ಟು ಅತ್ತೆ. ಸಂತೋಷಕ್ಕೆ ಅತ್ತದ್ದು. ಹೊಸನಗರದಲ್ಲಿ ಬಸ್ಸು ನಿಂತಾಗ ಟೀಚರಿಗೆ ಫೋನ್ ಮಾಡಿ ಅಕ್ಕ ಬರುತ್ತಾರೆ ಎಂದೆ. "ಅಲ್ಹಮ್ದುಲಿಲ್ಲಾಹ್, ಈ ಮಾತು ನಿನ್ನೆನೇ ಹೇಳ್ಬಾರ್ದಿತ್ತಾ, ರಾತ್ರಿ ಇಡೀ ನಿದ್ದೆ ಇಲ್ಲ" ಎಂದು ಬೈದರು. ಹೊರಡುವ ದಿನ ಅಣ್ಣ ಬೆಂಗಳೂರಿನವರೆಗೆ ಬಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ನನ್ನ ಪೆಟ್ಟಿಗೆ ಮಾತ್ರ ಬೇರೆ ಯಾರ ಕೈಗೂ ಕೊಡದೆ ತಾನೇ ಎತ್ತಿದ.

ಜನರ ನಡುವೆ ಕಳೆದುಹೋಗದಿರಲಿ ಎಂದು ನಾಲ್ವರಿಗೂ ಒಂದೇ ಗಿಳಿಹಸಿರು ಬಟ್ಟೆಯಲ್ಲಿ ತಲೆವಸ್ತ್ರ ಹೊಲಿದಿದ್ದೆ. ಅದನ್ನು ನೋಡಿಯೇ ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ಓಡಾಡಿದೆವು. ಕಾಬಾವನ್ನು ಮೊದಲ ಸಲ ಕಂಡಾಗ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ನನಗೆ ಏನೂ ಆಗಲಿಲ್ಲ, ಮರಗಟ್ಟಿ ನಿಂತೆ. ನನಗೆ ಆದದ್ದು ಸಫಾ ಮತ್ತು ಮರ್ವಾದ ನಡುವೆ.

ಆ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯಬೇಕು. ಹಾಜಿರಾ ಅಮ್ಮನನ್ನು ಹಾಲುಗೂಸಿನ ಜೊತೆ ಆ ಕಣಿವೆಯಲ್ಲಿ ಬಿಟ್ಟುಹೋದಾಗ ಅಲ್ಲಿ ನರಪಿಳ್ಳೆ ಇರಲಿಲ್ಲ. ಚೀಲದ ನೀರು ಮುಗಿದು ಕೂಸು ಅಳತೊಡಗಿದಾಗ ಆ ತಾಯಿ ಗುಡ್ಡದಿಂದ ಗುಡ್ಡಕ್ಕೆ ಓಡಿದಳು. ಅವಳನ್ನು ಬಿಟ್ಟುಹೋದ ಗಂಡ ಹಿಂದಿನ ಕಾಲದ ಒಬ್ಬ ಪ್ರವಾದಿ, ಅಲ್ಲಿ ಅಲ್ಲಾಹನ ಅಪ್ಪಣೆ ಇತ್ತು. ನನ್ನನ್ನು ಬಿಟ್ಟವನಿಗೆ ಯಾರ ಅಪ್ಪಣೆಯೂ ಇರಲಿಲ್ಲ. ನನ್ನನ್ನು ಆ ತಾಯಿಗೆ ಹೋಲಿಸಿಕೊಳ್ಳುವಷ್ಟು ಸೊಕ್ಕು ನನಗಿಲ್ಲ. ಆದರೆ ಚಿಕ್ಕಂದಿನಿಂದ ಕೇಳಿದ ಕತೆ ಅಲ್ಲಿ ಕಾಲಿಟ್ಟಾಗಲೇ ನನಗೆ ಪೂರ್ತಿ ತಿಳಿದದ್ದು. ಆ ಹೆಂಗಸಿನ ಜೊತೆ ಯಾವ ಮೆಹರಂ ಇದ್ದ? ಯಾರ ಮಾಫಿ ಕೇಳಿ ಅವಳು ಓಡಿದಳು?

ದಾರಿಯ ನಡುವೆ ಹಸಿರು ದೀಪ ಹಾಕಿದ ಒಂದು ತುಂಡಿದೆ. ಅಲ್ಲಿ ಗಂಡಸರು ಓಡಬೇಕು, ಹೆಂಗಸರು ನಡೆಯಬೇಕು. ನಮ್ಮ ಜಿಲ್ಲೆಯವರೇ ಆದ ಒಬ್ಬ ಹಿರಿಯರು ಏದುಸಿರು ಬಿಡುತ್ತ ಓಡಿಬಂದವರು ನಮ್ಮನ್ನು ಕಂಡು ಕೈ ಬೀಸಿದರು. "ಹೆಂಗಸ್ರು ಓಡ್ಬಾರ್ದು, ನಿಧಾನ ನಿಧಾನ!"

"ನಾವೆಲ್ಲಿ ಓಡ್ತಿದೀವಿ? ನೀವು ಓಡಿ" ಎಂದರು ಅಕ್ಕ, ಸಂತೆಯ ಗಂಟಲಿನಲ್ಲಿ. ಆಮೇಲೆ ನನ್ನ ಕೈ ಒತ್ತಿ, "ಮೊದ್ಲು ಓಡಿದ್ದು ಯಾರಂತೆ?" ಎಂದರು. ಎಲ್ಲದಕ್ಕೂ ಹೆದರುತ್ತಿದ್ದ ಅಕ್ಕನ ಬಾಯಲ್ಲಿ ಆ ಮಾತು ಕೇಳಿ ನಾನು ಬೆರಗಾದೆ.

ನಾನು ಓಡಲಿಲ್ಲ. ತಲೆಯೆತ್ತಿ ನಿಧಾನಕ್ಕೆ ನಡೆದೆ. ನನ್ನ ಎಡಬಲದಲ್ಲಿ ಮುದುಕರು, ಯುವಕರು, ಕರಿಯರು, ಬಿಳಿಯರು, ಸಾಹುಕಾರರು, ಮೌಲವಿಗಳು ಬೆವರು ಸುರಿಸುತ್ತ ಓಡುತ್ತಿದ್ದರು, ಮರಳುಗಾಡಿನಲ್ಲಿ ಒಂಟಿಯಾದ ಒಬ್ಬ ಹೆಂಗಸಿನ ಹೆಜ್ಜೆಯ ಮೇಲೆ. ಓಡಿ, ಓಡಿ ಎಂದುಕೊಂಡೆ. ನಗು ಬಂತು, ನಗುವಿನ ಜೊತೆಗೇ ಅಳು ಬಂತು. ಇಷ್ಟು ವರ್ಷ ಗಂಡ ಬಿಟ್ಟವಳು, ಗಂಡ ಬಿಟ್ಟವಳು ಎನಿಸಿಕೊಂಡು ಬೀದಿಯಲ್ಲಿ ತಲೆ ತಗ್ಗಿಸಿ ನಡೆದವಳಿಗೆ ಅಲ್ಲಿ ಬೆನ್ನು ತಾನಾಗಿ ನೆಟ್ಟಗಾಯಿತು.

ಅರಫಾತಿನ ದಿನ ನಿಜವಾದ ಪರೀಕ್ಷೆ. ಹಜ್ ಎಂದರೆ ಅರಫಾತ್, ಆ ಬಯಲಿನಲ್ಲಿ ನಿಲ್ಲದವರಿಗೆ ಹಜ್ಜೇ ಇಲ್ಲ. ಬಿಸಿಲು ಡೇರೆಯ ಬಟ್ಟೆಯನ್ನು ದಾಟಿ ಬರುತ್ತಿತ್ತು. ದುವಾದ ಪುಸ್ತಕ ಉರ್ದುವಿನಲ್ಲಿತ್ತು, ಅಕ್ಕನಿಗೆ ಓದಲು ಬಾರದು. ಟೀಚರ್ ಪುಸ್ತಕ ಮುಚ್ಚಿಟ್ಟು, ಕೈಯೆತ್ತಿ, ಅಂಗನವಾಡಿಯ ಮಕ್ಕಳಿಗೆ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಶುರು ಮಾಡಿದರು. "ಯಾ ಅಲ್ಲಾಹ್, ನಮ್ ಕಡೆ ಮಳೆ ಹದವಾಗಿ ಬರ್ಲಿ. ಅಕ್ಕನ ಮಂಡಿ ನೋವು ಕಮ್ಮಿ ಆಗ್ಲಿ. ನಮ್ ಹತ್ರ ದುವಾ ಕೇಳಿ ಕಳ್ಸಿದ ಎಲ್ಲರ ಮನೆಯಲ್ಲೂ ಒಳ್ಳೇದಾಗ್ಲಿ." ನಾವು ಆಮೀನ್ ಎಂದೆವು. ಪಕ್ಕದ ಡೇರೆಯವರು ತಿರುಗಿ ನೋಡಿದರು. ನೋಡಲಿ ಬಿಡಿ, ಅಲ್ಲಾಹನಿಗೆ ತೀರ್ಥಹಳ್ಳಿಯೂ ಗೊತ್ತು, ತೀರ್ಥಹಳ್ಳಿಯ ಮಾತೂ ಗೊತ್ತು.

ಆಮೇಲೆ ನಾನೊಬ್ಬಳೇ ಡೇರೆಯ ಅಂಚಿಗೆ ಹೋಗಿ ನಿಂತೆ. ಆ ದಿನ ಕೇಳಿದ್ದು ಸಿಗುತ್ತದೆ ಎನ್ನುತ್ತಾರೆ, ಹಾಗಾಗಿ ಸುಳ್ಳು ಹೇಳುವ ಹಾಗಿಲ್ಲ. ಅವನನ್ನು ಮನಸಾರೆ ಮಾಫ್ ಮಾಡೋಣ ಎಂದು ಪ್ರಯತ್ನಪಟ್ಟೆ. ಆಗಲಿಲ್ಲ. ಹೊರಗೆ ಬಂದ ಮಾತು ಹೀಗಿತ್ತು. ನನ್ನಿಂದಾಗುತ್ತಿಲ್ಲ ಯಾ ಅಲ್ಲಾಹ್. ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಮನ್ನಿಸಬೇಕು ಎಂದು ನೀನೇ ಇಟ್ಟಿದ್ದೀಯ. ಅವನು ಬಂದು ಕೇಳಲಿ, ಕೇಳಿದ ಕ್ಷಣಕ್ಕೆ ಕೊಡುತ್ತೇನೆ, ಮಾತು ಕೊಟ್ಟಿದ್ದೇನೆ. ಕೇಳದೆ ಕೊಡು ಎಂದು ಮಾತ್ರ ನನಗೆ ಹೇಳಬೇಡ. ಹೀಗೆ ಅಲ್ಲಾಹನೆದುರೂ ಎದುರು ಮಾತಾಡಿದೆ. ಹೊತ್ತು ಮುಳುಗಿತು. ಎದೆಯಲ್ಲಿ ಭಯವಿರಲಿಲ್ಲ, ಬಹಳ ಶಾಂತಿ ಇತ್ತು.

ಊರಿಗೆ ಬಂದ ಮೇಲೆ ಹಾಜಿಯರನ್ನು ನೋಡಲು ಜನ ಬರುತ್ತಾರೆ, ಮೆಕ್ಕಾದಿಂದ ತಂದ ಜಂಜಂ ಬಾವಿಯ ನೀರು, ಖರ್ಜೂರ ಕೊಡಬೇಕು. ನನ್ನ ಹೊಲಿಗೆ ಕೋಣೆ ಒಂದು ವಾರ ತುಂಬಿಯೇ ಇತ್ತು. ಒಂದು ಸಂಜೆ ಅಣ್ಣನ ಹಿಂದೆ ಅವನೂ ಬಂದ. ಕೋಣೆಯಲ್ಲಿದ್ದ ನೆರೆಮನೆಯವರು ಸರಿದು ಜಾಗ ಮಾಡಿದರು. ಬಂದವರನ್ನು ವಾಪಸು ಕಳಿಸುವುದು ನಮ್ಮಲ್ಲಿಲ್ಲ. ಕೂರಲು ಹೇಳಿ ಸಣ್ಣ ಲೋಟದಲ್ಲಿ ಜಂಜಂ ಕೊಟ್ಟೆ. ಅವನು ಎದ್ದು ನಿಂತು, ಮೆಕ್ಕಾ ಇರುವ ಪಶ್ಚಿಮಕ್ಕೆ ತಿರುಗಿ, ಬಿಸ್ಮಿಲ್ಲಾ ಹೇಳಿ ಕುಡಿದ. ಗಡ್ಡ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ.

"ಹಳೇದೆಲ್ಲ ಮರೆತಿದ್ದೀನಿ. ನಾನು ನಿನ್ನನ್ನ ಮಾಫ್ ಮಾಡಿದ್ದೀನಿ."

"ನಾನು ಕೇಳಿರಲಿಲ್ಲವಲ್ಲ" ಎಂದೆ. ಸಿಟ್ಟಿನಿಂದಲ್ಲ, ಹೊಲಿಗೆಯ ಅಳತೆ ಹೇಳುವ ದನಿಯಲ್ಲೇ ಹೇಳಿದೆ. "ನೀವು ಕೇಳೋದಿದ್ದರೆ ಕೇಳಿ. ಕೇಳಿದರೆ ಈಗಲೇ ಕೊಡ್ತೀನಿ."

ಅವನು ಅಣ್ಣನ ಮುಖ ನೋಡಿದ. ನಾನೂ ನೋಡಿದೆ. ಅಣ್ಣ ಗಂಟಲು ಸರಿಮಾಡಿಕೊಂಡ. ಇನ್ನೊಂದು ಉಪದೇಶಕ್ಕೆ ನಾನು ಸಿದ್ಧಳಾದೆ.

"ಕೇಳಿ" ಎಂದ ಅಣ್ಣ, ಅವನಿಗೆ.

ಅವನು ಕೇಳಲಿಲ್ಲ. ಖರ್ಜೂರ ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದ. ಅಣ್ಣ ಬಾಗಿಲವರೆಗೂ ಎದ್ದು ಹೋಗಲಿಲ್ಲ, ನನ್ನ ಪಕ್ಕದ ಸ್ಟೂಲಿನಲ್ಲೇ ಕೂತಿದ್ದ.